ಹಿಂದಕ್ಕೆ ನಡೆದ ಮೆರವಣಿಗೆ

“ಗುರುಗಳೇ, ನಮ್ಮ ಊರಿನಲ್ಲಿ ಕೆಲವರು ಕೋವಿ ಬೇಡವೆಂದು ಧರಣಿ ಕೂತಿದ್ದಾರೆ. ಅದನ್ನು ಕಂಡು, ಮನೆಯಲ್ಲಿ ಕೋವಿ ಇಟ್ಟುಕೊಂಡಿರುವ ನಮ್ಮಣ್ಣನಿಗೆ ಮೈಯೆಲ್ಲ ಉರಿದಿದೆ. ಸುದ್ದಿ ಕೇಳಿದಾಗಿನಿಂದ ನನಗೂ ಹಾಗೇ ಆಗಿದೆ. ನಮ್ಮ ಸಿಟ್ಟಿನಲ್ಲಿ ತಪ್ಪೇನಿದೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ಅರ್ಧ ರಾಶಿಯನ್ನು ಅವನ ಕಡೆಗೆ ತಳ್ಳಿ, “ಸುಲಿಯುತ್ತಾ ಕೇಳು, ಸಿಟ್ಟು ಬಂದ ಕೈಗೆ ಏನಾದರೂ ಕೆಲಸವಿರಲಿ” ಎಂದು ಕತೆ ಶುರು ಮಾಡಿದರು.

ಕಾಡಿನ ಅಂಚಿನಲ್ಲಿ ಒಂದು ಊರು. ಹಂದಿಗಳಿಂದ ಬೆಳೆ ಕಾಯಲು ಆ ಊರಿನ ಮೂವತ್ತು ಮನೆಗಳಲ್ಲಿ ಮೂವತ್ತು ಕೋವಿ. ಅದರಲ್ಲಿ ತಪ್ಪೇನೂ ಇಲ್ಲ. ಕೈಮುಗಿದು ಕೇಳಿಕೊಂಡರೆ ಹಂದಿ ಗೆಣಸು ಬಿಟ್ಟು ಹೋಗುವುದಿಲ್ಲ. ಆದರೆ ಇನ್ನೊಂದು ಪದ್ಧತಿಯೂ ಅಲ್ಲಿತ್ತು. ಮದುವೆಗೆ ಗಂಡಿನ ದಿಬ್ಬಣ ಬಂದೊಡನೆ ಎಲ್ಲರೂ ಚಪ್ಪರದ ಬಳಿ ನಿಂತು ಆಕಾಶಕ್ಕೆ ಗುಂಡು ಹಾರಿಸುತ್ತಿದ್ದರು. ಹಿಂದಿನ ವರ್ಷ ಒಂದು ಗುಂಡು ಆಕಾಶಕ್ಕೆ ಹೋಗದೆ ವಾಲಗದವನ ಅರ್ಧ ಕಿವಿಯನ್ನು ಹಾರಿಸಿಕೊಂಡು ಹೋಗಿತ್ತು. ಯಾರ ಕೋವಿಯದು ಎಂದು ಕೇಳಿದರೆ ಮೂವತ್ತು ಜನರೂ ಪಕ್ಕದವನ ಮುಖ ನೋಡಿದರು.

ಆ ಊರಿನಲ್ಲಿ ಎಣ್ಣೆಯ ಗಾಣ ನಡೆಸುವ ಒಬ್ಬ ಹೆಂಗಸಿದ್ದಳು. ಅವಳ ಮಗಳ ಮದುವೆಗೆ ಎರಡೇ ದಿನ ಉಳಿದಿತ್ತು. ಕಿವಿಯ ಸುದ್ದಿ ಗಂಡಿನ ಮನೆಗೂ ಮುಟ್ಟಿತು. ಕೋವಿ ಇರುವ ಚಪ್ಪರಕ್ಕೆ ಕಾಲಿಡುವುದಿಲ್ಲ, ಬೇಕಾದರೆ ಸಂಬಂಧವನ್ನೇ ಬಿಡುತ್ತೇವೆ ಎಂದು ಅವರು ಹೇಳಿ ಕಳಿಸಿದರು. ಹೆಂಗಸು ಮನೆಮನೆಗೂ ಹೋಗಿ ಕೇಳಿಕೊಂಡಳು. ಯಾರೂ ಒಪ್ಪಲಿಲ್ಲ. ಕೊನೆಗೆ ಊರಿನ ಹೆಂಗಸರನ್ನೆಲ್ಲ ಕರೆದುಕೊಂಡು ಚಾವಡಿಯ ಮುಂದೆ ಕೂತಳು.

“ಹೊಲಕ್ಕೆ ಕೋವಿ ತಗೊಂಡು ಹೋಗಿ, ನಾನು ಬ್ಯಾಡ ಅನ್ನಲ್ಲ. ನನ್ನ ಮಗಳ ಚಪ್ಪರಕ್ಕೆ ಮಾತ್ರ ತರಬ್ಯಾಡಿ” ಎಂದಳು.

ಕೋವಿಯವರಿಗೆ ರೇಗಿತು. ಇವತ್ತು ಚಪ್ಪರ ಅನ್ನುತ್ತಾರೆ, ನಾಳೆ ಹೊಲ ಅನ್ನುತ್ತಾರೆ, ನಾಡಿದ್ದು ಹಂದಿಗೆ ಎಲೆ ಹಾಕಿ ಬಡಿಸಿ ಅನ್ನುತ್ತಾರೆ ಎಂದು ಒಬ್ಬ ರೈತ ಕೂಗಾಡಿದ. ಅವನ ಕೋವಿ ಊರಿಗೇ ಉದ್ದ. ಮೂವತ್ತು ಜನರೂ ಕೋವಿ ಹಿಡಿದು ಚಾವಡಿಯವರೆಗೆ ಮೆರವಣಿಗೆ ಹೋಗಬೇಕೆಂದು ತೀರ್ಮಾನವಾಯಿತು.

ಬೆಳಿಗ್ಗೆ ಎಲ್ಲರೂ ಹುಣಸೆ ಮರದ ಕೆಳಗೆ ಸೇರಿದರು. ಓಣಿ ಕಿರಿದು, ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ರೈತ ಎಲ್ಲರಿಗಿಂತ ಮುಂದೆ ನಿಂತು ಒಮ್ಮೆ ಹಿಂತಿರುಗಿ ನೋಡಿದ. ಇಪ್ಪತ್ತೊಂಬತ್ತು ನಳಿಗೆಗಳು ಅವನ ಬೆನ್ನಿನ ಕಡೆಗಿದ್ದವು. ಕೋವಿಯೊಳಗೆ ಮದ್ದು ಇದೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ. ತನ್ನದು ಖಾಲಿ ಎಂದು ಪ್ರತಿಯೊಬ್ಬನೂ ಆಣೆ ಮಾಡಿದ. ಪಕ್ಕದವನ ಆಣೆಯನ್ನು ಒಬ್ಬನೂ ನಂಬಲಿಲ್ಲ. ವಾಲಗದವನ ಕಿವಿ ಎಲ್ಲರ ನೆನಪಿಗೂ ಬಂತು.

“ನೀವೆಲ್ಲ ಮುಂದೆ ನಡೀರಪ್ಪ, ನಾನು ಹಿಂದಿನಿಂದ ಬರ್ತೀನಿ” ಎಂದು ರೈತ ಸಾಲಿನ ಕೊನೆಗೆ ಹೋದ. ಈಗ ಮೊದಲನೆಯವನಾದವನು ತನಗೆ ಕಾಲುನೋವು ಎಂದು ರೈತನ ಹಿಂದೆ ಹೋಗಿ ನಿಂತ. ಅವನ ಹಿಂದೆ ಇನ್ನೊಬ್ಬ. ಮುಂದಿದ್ದವರೆಲ್ಲ ಹೀಗೆ ಹಿಂದೆ ಹಿಂದೆ ಹೋಗುತ್ತಾ, ಚಾವಡಿಗೆ ಹೊರಟ ಮೆರವಣಿಗೆ ಹಿಂದಕ್ಕೇ ನಡೆಯಿತು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಅದು ಊರಿನ ಕೊನೆಯ ಮನೆಯ ಗೋಡೆಗೆ ತಾಗಿ ನಿಂತಿತು. ಅದು ಗಾಣದ ಹೆಂಗಸಿನ ಮನೆ.

ಇನ್ನು ಹಿಂದೆ ಹೋಗಲು ಜಾಗವಿರಲಿಲ್ಲ. ಕೋವಿಗಳನ್ನು ಇಲ್ಲೇ ಇಟ್ಟು ಹೋಗಿ ಕೂಗೋಣ ಎಂದು ರೈತ ಹೇಳಿದಾಗ ಎಲ್ಲರಿಗೂ ಹೋದ ಜೀವ ಬಂತು. ಆದರೆ ಕಾಯುವವರು ಯಾರು? ಮೂವತ್ತು ಕೋವಿಗಳ ಜೊತೆ ಒಬ್ಬನನ್ನೇ ಬಿಟ್ಟುಹೋಗಲು ಯಾರಿಗೂ ಧೈರ್ಯವಿಲ್ಲ. ಹೆಂಗಸು ಹಿಂಡಿ ಇಡುತ್ತಿದ್ದ ಕೋಣೆಗೆ ಬೀಗ ಹಾಕಿದ ಗಟ್ಟಿ ಬಾಗಿಲಿತ್ತು. ಒಬ್ಬ ಚಾವಡಿಗೆ ಓಡಿಹೋಗಿ ಅವಳಿಂದಲೇ ಬೀಗದ ಕೈ ತಂದ. ಕೋವಿಗಳನ್ನು ಒಳಗಿಟ್ಟು ಬೀಗ ಹಾಕಿದರು. ಬೀಗದ ಕೈ ಯಾರ ಬಳಿ ಇರಬೇಕೆಂದು ಮತ್ತೆ ಜಗಳ. ಎಲ್ಲರೂ ನಂಬುವಂಥವಳು ಊರಿನಲ್ಲಿ ಒಬ್ಬಳೇ ಎಂದು ಕೊನೆಗೆ ಗೊತ್ತಾಯಿತು.

ಆಮೇಲೆ ಮೆರವಣಿಗೆ ಸರಾಗವಾಗಿ ಮುಂದೆ ನಡೆಯಿತು. ಚಾವಡಿ ತಲುಪಿದ ರೈತ ಬೀಗದ ಕೈಯನ್ನು ಹೆಂಗಸಿನ ಕೈಗೆ ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕೋವಿ ಬಿಟ್ಟು ನಾವು ಒಂದು ಹೆಜ್ಜೆಯನ್ನೂ ಇಡುವುದಿಲ್ಲ ಎಂದು ಕೂಗಿದ. ಉಳಿದವರೂ ಕೂಗಿದರು. ಹೆಂಗಸರು ಬಿದ್ದು ಬಿದ್ದು ನಕ್ಕರು. ಸ್ವಲ್ಪ ಹೊತ್ತಿನಲ್ಲಿ ಗಂಡಸರಿಗೂ ನಗು ಬಂತು. ಹೆಂಗಸು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲರಿಗೂ ಮಜ್ಜಿಗೆ ಕೊಟ್ಟಳು.

ಎರಡು ದಿನ ಹೊಲಗಳನ್ನು ತಮಟೆ ಬಡಿದು ಕಾದರು. ಮದುವೆ ನಡೆಯಿತು. ವಾಲಗದವನು ಉಳಿದ ಒಂದೂವರೆ ಕಿವಿಯೊಂದಿಗೆ ನಿಶ್ಚಿಂತೆಯಾಗಿ ಊದಿದ. ಮಾರನೆಯ ದಿನ ಅವರವರ ಕೋವಿ ಅವರವರ ಹೊಲಕ್ಕೆ ಹೋಯಿತು.

ಶಿಷ್ಯನೂ ನಕ್ಕ. “ಆ ಊರಿನವರ ಮಾತು ಬಿಡಿ, ಗುರುಗಳೇ. ನಮ್ಮ ಮನೆಯ ಕೋವಿಗೆ ಯಾರೂ ಹೆದರಬೇಕಾಗಿಲ್ಲ” ಎಂದ.

“ನಿಮ್ಮ ಪಕ್ಕದ ಮನೆಯವರಿಗೆ ಅದು ಪಕ್ಕದವನ ಕೋವಿ” ಎಂದರು ಗುರುಗಳು.

ಶಿಷ್ಯ ತನ್ನ ಪಾಲಿನ ಅವರೆಕಾಯಿಯನ್ನೆಲ್ಲ ಸುಲಿದು ಮುಗಿಸಿದ.