ಮುಕ್ಕಾಲು ದೊಣೆ

ಹೆಬ್ಬಂಡೆ ದುರ್ಗದ ಎರಡನೆಯ ಸುತ್ತಿನಲ್ಲಿ, ಬಾಗಿಲು ದಾಟಿ ಎಡಕ್ಕೆ ತಿರುಗಿದರೆ ಬಂಡೆಯ ಒಡಲಲ್ಲಿ ಒಂದು ದೊಣೆಯಿದೆ. ಮಳೆನೀರು ನಿಂತ ಹೊಂಡ. ನೀರು ತಿಳಿ; ತಳದ ಬೆಣಚುಕಲ್ಲು ಎಣಿಸಬಹುದು. ಇದಕ್ಕೆ ಮುಕ್ಕಾಲು ದೊಣೆ ಎಂದು ಹೆಸರು. ಮುಕ್ಕಾಲು ಮಾತ್ರ ತುಂಬುವುದರಿಂದ ಈ ಹೆಸರು ಬಂತೆಂದು ಫಲಕ ಬರೆಸಿದವರಿದ್ದಾರೆ. ತಪ್ಪು. ಮಳೆಗಾಲದಲ್ಲಿ ಅಂಚಿನವರೆಗೂ ತುಂಬುತ್ತದೆ. ಬಂದು ನೋಡದೆ ಬರೆದರೆ ಹೀಗೆಯೇ ಆಗುವುದು.

ಹಿಂದೆ ಒಮ್ಮೆ, ಗಾದ್ರಿನಾಯಕನೆಂಬ ಪಾಳೆಯಗಾರನ ಕಾಲದಲ್ಲಿ, ಶತ್ರುಗಳ ದಳವಾಯಿಯೊಬ್ಬ ಈ ದುರ್ಗವನ್ನು ಮುತ್ತಿದ. ಕೋಟೆಗೆ ಇದ್ದದ್ದು ಇದೊಂದೇ ನೀರು. ಒಂದು ಮೊಳ ನೀರು ನಾಲ್ಕು ದಿನಕ್ಕೆ. ಮಳೆಗೆ ಇನ್ನೂ ನಲವತ್ತು ದಿನವಿತ್ತು. ನಾಯಕ ದಂಡೆಯ ಮೇಲೆ ನಿಂತು ನೋಡಿದ. ಒಂಬತ್ತು ಮೊಳ, ಅಂದರೆ ಮೂವತ್ತಾರು ದಿನ ಎಂದು ಲೆಕ್ಕ ಹಾಕಿದ. ಕತ್ತಿ ಹಿಡಿಯದ ಕೆಳಕೋಟೆಯ ಎಪ್ಪತ್ತು ಮನೆಯವರನ್ನು ಹೊರಗೆ ನೂಕಲು ಅಪ್ಪಣೆ ಮಾಡಿದ. ಹೊರಗೆ ಹೋದರೆ ಸಾವು, ಅದು ಎಲ್ಲರಿಗೂ ಗೊತ್ತಿತ್ತು. ನೀರು ಅಳೆದು ಹಂಚುವ ನೀರಗಂಟಿ ಬೋರಯ್ಯ ಅಡ್ಡ ಬಂದ. ಇರುವುದು ಹನ್ನೆರಡು ಮೊಳ, ನಲವತ್ತೆಂಟು ದಿನಕ್ಕೆ ಸಾಕು ಎಂದ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿಯೂ ತೋರಿಸಿದ. ಅವನ ಮಗಳು ಇದ್ದದ್ದು ಕೆಳಕೋಟೆಯಲ್ಲೇ. ಹಗ್ಗವೂ ನಿನ್ನದು, ಮಗಳೂ ನಿನ್ನವಳು ಎಂದು ನಾಯಕ ಹಂಗಿಸಿದ. ಬೋರಯ್ಯ ನಾಯಕನ ಈಟಿಯನ್ನೇ ಕೇಳಿ ಪಡೆದ. ನಾಲ್ಕು ಮೊಳದ ಈಟಿ. ಅದನ್ನು ನೆಟ್ಟಗೆ ಹಿಡಿದು ತುದಿಯವರೆಗೂ ನೀರಿಗಿಳಿಸಿದ. ಅಷ್ಟೇ ಉದ್ದದ ಇನ್ನೊಂದನ್ನು ಆಳೊಬ್ಬ ಪಕ್ಕದಲ್ಲಿ ಒಣನೆಲದ ಮೇಲೆ ನಿಲ್ಲಿಸಿಕೊಂಡ. ನೀರೊಳಗಿನದು ಮೂರೇ ಮೊಳ ಕಂಡಿತು. ಮೇಲೆತ್ತಿದರೆ ನಾಲ್ಕು.

"ಈಟಿ ನಿಮ್ಮದು, ಕಣ್ಣೂ ನಿಮ್ಮದು ಒಡೆಯಾ. ಸುಳ್ಳು ಹೇಳಿದ್ದು ಯಾವುದು?" ಎಂದ ಬೋರಯ್ಯ.

ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುತ್ತದೆ. ತಳ ಮೇಲೆದ್ದಂತೆ ಕಾಣುತ್ತದೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ವಕ್ರೀಭವನ ಎಂದು ಹೆಸರಿದೆ. ಬೋರಯ್ಯನಿಗೆ ಆ ಪದ ಗೊತ್ತಿರಲಿಲ್ಲ. ಕಂಡದ್ದು ಮೂರಾದರೆ ಇರುವುದು ನಾಲ್ಕು ಎಂಬುದಷ್ಟೇ ಗೊತ್ತಿತ್ತು. ಆಳುಗಳು ನಕ್ಕರು. ಅದೇ ಕೆಟ್ಟದ್ದಾಯಿತು. ನಾಯಕ ಕೆಳಕೋಟೆಯ ಮೇಲಿನ ಅಪ್ಪಣೆ ಹಿಂದಕ್ಕೆ ಪಡೆದ. ಬೋರಯ್ಯನೊಬ್ಬನನ್ನು ಬಾಗಿಲಾಚೆ ನೂಕಿಸಿದ.

ದಳವಾಯಿಯ ಜನ ಅವನನ್ನು ಹಿಡಿದು ತಂದರು. ಕೋಟೆಯಲ್ಲಿ ಎಷ್ಟು ನೀರಿದೆ ಬೊಗಳು ಎಂದ ದಳವಾಯಿ.

"ನಮ್ಮ ನಾಯಕರು ಕಣ್ಣಾರೆ ನೋಡಿದ್ದಾರೆ. ಒಂಬತ್ತು ಮೊಳ."

ಅದು ಸುಳ್ಳಲ್ಲ. ಒಂದು ಮೊಳ ಎಷ್ಟು ದಿನಕ್ಕೆ ಎಂದು ಕೇಳಿದ್ದಕ್ಕೂ ಇದ್ದದ್ದನ್ನೇ ಹೇಳಿದ. ಮೂವತ್ತಾರು ದಿನ ಕಾದರೆ ಸಾಕು, ಗೋಡೆ ಹತ್ತಿ ಜನ ಸಾಯಿಸುವುದು ಬೇಡ ಎಂದುಕೊಂಡ ದಳವಾಯಿ ಏಣಿಗಳನ್ನು ಇಳಿಸಿದ. ಅಷ್ಟು ದಿನಕ್ಕೆ ಬೇಕಾದ ದವಸ ಇಟ್ಟುಕೊಂಡು ಉಳಿದ ಬಂಡಿಗಳನ್ನು ಹಿಂದಕ್ಕೆ ಕಳಿಸಿದ. ಮೂವತ್ತೇಳನೆಯ ಬೆಳಗ್ಗೆ ಕೋಟೆಗೋಡೆಯ ಮೇಲೆ ಹೆಂಗಸರು ಒಗೆದ ಸೀರೆ ಹರವುತ್ತಿದ್ದರು. ದಳವಾಯಿ ಅದನ್ನು ನೋಡಿದ. ಬೋರಯ್ಯನ ತಲೆ ಅಲ್ಲೇ ಹೋಯಿತು. ನಲವತ್ತೆರಡನೆಯ ದಿನ ಮಳೆ ಬಿತ್ತು. ಹಸಿದ ದಂಡು ಗುಡಾರ ಕಿತ್ತಿತು ಎನ್ನುತ್ತಾರೆ.

ನಾಯಕ ದೊಣೆಗೆ ತನ್ನ ಹೆಸರಿಟ್ಟು ಕಲ್ಲಿನಲ್ಲಿ ಕೊರೆಸಿದ. ಕೆಳಕೋಟೆಯವರು ಒಂದು ದಿನವೂ ಆ ಹೆಸರು ಹಿಡಿದು ಕರೆಯಲಿಲ್ಲ. ಮುಕ್ಕಾಲು ದೊಣೆ ಎಂದರು, ಮಕ್ಕಳಿಗೂ ಹಾಗೆಯೇ ಕಲಿಸಿದರು. ಆ ಶಾಸನ ಮೆಟ್ಟಿಲಿನ ಬಲಕ್ಕೆ ಈಗಲೂ ಇದೆ. ಹೆಸರಿದ್ದ ಜಾಗವನ್ನು ಯಾರೋ ಉಳಿಯಿಂದ ಹೊಡೆದು ಹಾಕಿದ್ದಾರೆ. ಆಳವಾಗಿಯೇ ಹೊಡೆದಿದ್ದಾರೆ. ಮಳೆ ಬಂದರೆ ಅಲ್ಲೂ ಒಂದು ಬೊಗಸೆ ನೀರು ನಿಲ್ಲುತ್ತದೆ.