ಮನೆ ಎತ್ತಿಡುವ ಕೆಲಸ

ಮೈಸೂರಿನ ಒಂದು ವಠಾರ. ಮಾಲೀಕರಾದ ಪಟ್ಟಾಭಿರಾಮಯ್ಯನವರು ಹೊಸ ವಾಷಿಂಗ್ ಮಷೀನು ತಂದು ಅಂಗಳದಲ್ಲಿ ಇಟ್ಟರು. ಕೊಳೆನೀರಿನ ಪೈಪನ್ನು ಚರಂಡಿಗೆ ಸೇರಿಸುವುದು ಬಿಟ್ಟು ನೆಲಕ್ಕೆ ಬಿಸಾಕಿದರು. ಮಷೀನು ಓಡಿದಾಗಲೆಲ್ಲ ನೊರೆನೀರು ಸೀದಾ ಪಕ್ಕದ ಬಾಡಿಗೆಮನೆಯ ಪುಟ್ಟತಾಯಮ್ಮನ ಬಾಗಿಲಿಗೆ. ಬೆಳಿಗ್ಗೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದ ಹೊಸ್ತಿಲು ಮಧ್ಯಾಹ್ನಕ್ಕೆ ಬೋಳು.

"ಪೈಪ್ ಸರಿ ಮಾಡ್ಸಿ ಸಾಮಿ," ಅಂದಳು.

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ನೀರು ತಗ್ಗಿಗೆ ಹರಿಯುತ್ತೆ ಕಣಮ್ಮ. ನಿಮ್ಮನೆ ತಗ್ಗಿನಲ್ಲಿದೆ. ಬೇಡದಿದ್ರೆ ಮನೆ ಎತ್ತಿ ಆಚೆ ಇಟ್ಕೊಳ್ಳಿ!"

ಏನು ದರ್ಪ ನೋಡಿ! ಪುಟ್ಟತಾಯಮ್ಮ ಜಗಳಕ್ಕೆ ನಿಲ್ಲಲಿಲ್ಲ. ಮದುವೆಗೆ ಮುಂಚೆ ಮಂಡ್ಯದ ಕಡೆ ಗದ್ದೆಗೆ ನೀರು ತಿರುಗಿಸುತ್ತಿದ್ದ ಕೈ ಅದು. ಒಂದು ಬಾಂಡಲಿ ಕೆಮ್ಮಣ್ಣು ತಂದಳು. ಅಂಗಳದಲ್ಲಿ ಓರೆಯಾಗಿ ಗೇಣೆತ್ತರದ ಬದು ಕಟ್ಟಿ, ತಟ್ಟಿ ತಟ್ಟಿ ಗಟ್ಟಿ ಮಾಡಿದಳು. ಕೈ ತೊಳೆದುಕೊಂಡು ಅಕ್ಕಿ ಆರಿಸುತ್ತಾ ಕೂತಳು.

ಮಷೀನು ಗುರ್ ಅಂದಿತು. ನೀರು ಬಂತು, ಬದುವಿಗೆ ಮುಟ್ಟಿತು, ತಿರುಗಿತು. ನೆಟ್ಟಗೆ ಮಾಲೀಕರ ನಡುಮನೆಗೇ ನುಗ್ಗಿತು. ಬಾಗಿಲಲ್ಲಿ ಬಿಟ್ಟಿದ್ದ ಅವರ ಚಪ್ಪಲಿಗಳೂ ನೊರೆಯ ಜೊತೆ ತೇಲಿಕೊಂಡು ಒಳಗೆ ಬಂದವು.

"ಏನಮ್ಮ ಇದು!" ಪಟ್ಟಾಭಿರಾಮಯ್ಯ ಪಂಚೆ ಎತ್ತಿಕೊಂಡು ಕೂಗಿದರು.

"ಈಗ ನಿಮ್ಮನೆ ಎತ್ತಿಡೋ ಸರದಿ ಸಾಮಿ," ಅಂದಳು ಪುಟ್ಟತಾಯಮ್ಮ. "ಆ ಕಡೆ ನೀವ್ ಹಿಡ್ಕಳಿ. ಈ ಕಡೆ ನಾನ್ ಹಿಡ್ಕತೀನಿ."

ಸಂಜೆಯೊಳಗೆ ಪ್ಲಂಬರ್ ಬಂದ. ಪೈಪು ಚರಂಡಿ ಸೇರಿತು. ಬದುವನ್ನು ಮಾತ್ರ ಅವಳು ಕೆಡವಲಿಲ್ಲ, ಮೇಲೊಂದು ರಂಗೋಲಿ ಎಳೆದಳು. ಮಾಲೀಕರು ಈಗಲೂ ಪಂಚೆ ಎತ್ತಿ ಅದನ್ನು ದಾಟಿಕೊಂಡೇ ಓಡಾಡುತ್ತಾರೆ.