ಕಷಾಯ ಕುಡಿದು ವಾಸಿಯಾಗದವರು

“ಗುರುಗಳೇ, ಮೂಲಿಕೆ ಕುಡಿದು ನೋವು ಹೋಯಿತೆಂದು ರೋಗಿಯೇ ಹೇಳುವಾಗ ಬೇರೆ ಸಾಕ್ಷಿ ಏಕೆ ಬೇಕು?” ಎಂದು ಶಿಷ್ಯ ಕೇಳಿದ.

ಆ ವಾರದಲ್ಲಿ ಅವನು ಇದನ್ನು ಕೇಳಿದ್ದು ಮೂರನೆಯ ಸಲ. ಗುರುಗಳು ಹಣೆ ಉಜ್ಜಿಕೊಂಡರು. “ಈ ಸಲವಾದರೂ ಪೂರ್ತಿ ಕೇಳಿಸಿಕೋ” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಗಂಡಸರಿಗೆ ಮೂತ್ರಕೋಶದ ಬುಡದಲ್ಲಿ ಒಂದು ಗ್ರಂಥಿಯಿರುತ್ತದೆ. ಅದು ಊದಿಕೊಂಡು ಉರಿಮೂತ್ರದಿಂದ, ಕಿಬ್ಬೊಟ್ಟೆಯ ನೋವಿನಿಂದ ನರಳುವವರು ಅವನಲ್ಲಿಗೆ ಬರುತ್ತಿದ್ದರು. ಎಲ್ಲರಿಗೂ ಅವನು ಒಂದು ಬೇರಿನ ಕಷಾಯ ಕೊಡುತ್ತಿದ್ದ. ವಾಸಿಯಾದವರು ಬಾಳೆಗೊನೆ ತಂದು ಕೈಮುಗಿಯುತ್ತಿದ್ದರು. ತನ್ನ ಕಷಾಯ ಎಂದೂ ಸುಳ್ಳಾಗದೆಂದು ಅವನು ನಂಬಿದ್ದ.

ಒಬ್ಬ ನೇಕಾರ ಎರಡು ತಿಂಗಳು ಆ ಕಷಾಯ ಕುಡಿದ. ನೋವು ಹೆಚ್ಚಿತು. ಮಗ್ಗದ ಮುಂದೆ ಕೂರಲೂ ಆಗದಾಯಿತು. ಕೊನೆಗೆ ಜ್ವರ ಬಂದು ಮೂತ್ರ ಕಟ್ಟಿಕೊಂಡಿತು. ಹೆಂಡತಿ ಅವನನ್ನು ಗಾಡಿಯಲ್ಲಿ ಮಲಗಿಸಿ ಪಟ್ಟಣದ ಆಸ್ಪತ್ರೆಗೆ ಒಯ್ದಳು. ಜೀವ ಉಳಿಯಿತು. ಹಿಂತಿರುಗಿದವಳು ನೇರ ವೈದ್ಯನ ಮನೆಗೆ ನಡೆದಳು.

“ಇನ್ನೊಂದು ವಾರ, ಇನ್ನೊಂದು ವಾರ ಎಂದು ಕುಡಿಸಿದಿರಲ್ಲ ಸ್ವಾಮಿ! ಈ ಬೇರಿನಿಂದ ವಾಸಿಯಾಗುತ್ತದೆಂದು ನಿಮಗೆ ಹೇಗೆ ಗೊತ್ತು?”

“ಎಷ್ಟೋ ಜನ ಬಂದು ಹೇಳಿದ್ದಾರೆ, ತಾಯಿ.”

“ವಾಸಿಯಾಗದವರು ಹೇಳಲು ಏಕೆ ಬರುತ್ತಾರೆ? ನಾನು ಸಿಟ್ಟು ತಡೆಯಲಾರದೆ ಬಂದೆ, ಅಷ್ಟೇ.”

ವೈದ್ಯನಿಗೆ ಅಂದು ಊಟ ಸೇರಲಿಲ್ಲ. ಮರುದಿನದಿಂದ ಹಳೆಯ ರೋಗಿಗಳ ಮನೆಮನೆಗೆ ಹೋದ. ವಾಸಿಯಾಗದವರು ಬೇಕಾದಷ್ಟು ಜನ ಸಿಕ್ಕರು. ಕಷಾಯವನ್ನು ಹಿತ್ತಿಲಿಗೆ ಚೆಲ್ಲಿ ವಾಸಿಯಾದವನೂ ಒಬ್ಬ ಸಿಕ್ಕ. ಎಲ್ಲರಿಗಿಂತ ದೊಡ್ಡ ಬಾಳೆಗೊನೆ ತಂದಿದ್ದವನು ಅವನೇ. ಆ ನೋವು ತಾನಾಗಿ ಏರಿ ತಾನಾಗಿ ಇಳಿಯುವುದೂ ಉಂಟು.

ಆಮೇಲೆ ವೈದ್ಯ ಒಂದು ಪರೀಕ್ಷೆ ಮಾಡಿದ. ಜ್ವರ ಬಂದವರನ್ನೂ ಮೂತ್ರ ಕಟ್ಟಿಕೊಂಡವರನ್ನೂ ಆಸ್ಪತ್ರೆಗೆ ಕಳುಹಿಸಿದ. ಉಳಿದವರಲ್ಲಿ ನಲವತ್ತು ಜನ ಪರೀಕ್ಷೆಗೆ ಒಪ್ಪಿದರು. ವೈದ್ಯನ ಮಗಳು ಚೀಟಿ ಎತ್ತಿ, ಎರಡು ಮಡಕೆಗಳಿಂದ ಅವರಿಗೆ ಕಷಾಯ ಕೊಟ್ಟಳು. ಬಣ್ಣ ಒಂದೇ, ಕಹಿಯೂ ಒಂದೇ. ಬೇರು ಹಾಕಿದ್ದು ಒಂದು ಮಡಕೆಗೆ ಮಾತ್ರ. ಯಾರಿಗೆ ಯಾವುದು ಸಿಕ್ಕಿತೆಂದು ಅವಳೊಬ್ಬಳಿಗೇ ಗೊತ್ತು.

ಒಂದು ವರ್ಷ ಕಳೆಯಿತು. ಬೇರಿನ ಕಷಾಯ ಕುಡಿದ ಇಪ್ಪತ್ತು ಜನರಲ್ಲಿ ಹನ್ನೆರಡು ಮಂದಿಗೆ ನೋವು ಇಳಿದಿತ್ತು. ಬೇರಿಲ್ಲದ್ದನ್ನು ಕುಡಿದ ಇಪ್ಪತ್ತರಲ್ಲಿ ಹತ್ತು ಮಂದಿಗೆ. ವೈದ್ಯ ತಲೆ ಚಚ್ಚಿಕೊಂಡ. ಹೆಚ್ಚಿಗೆ ಬಂದ ಇಬ್ಬರು ಬೇರಿನಿಂದಲೇ ಗುಣವಾದರೋ, ಸುಮ್ಮನೆ ಹಾಗೆ ಕೂಡಿಬಂತೋ? ಹೇಳಲು ನಲವತ್ತು ಜನ ಏನೇನೂ ಸಾಲದು.

ಅಂದಿನಿಂದ ಬಂದವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳತೊಡಗಿದ: “ಇದರಿಂದ ಸ್ವಲ್ಪ ಉಪಯೋಗವಾದರೂ ಆಗಬಹುದು, ಆಗದೆಯೂ ಇರಬಹುದು. ನನಗೆ ಇನ್ನೂ ಗೊತ್ತಿಲ್ಲ.”

ಶಿಷ್ಯ ತಡೆಯಲಾರದೆ ಕೇಳಿದ: “ಹಾಗಾದರೆ ಕಷಾಯ ಕೊಡುವುದನ್ನು ಅವನು ನಿಲ್ಲಿಸಿಬಿಟ್ಟನೇ, ಗುರುಗಳೇ?”

ಗುರುಗಳು ಅವನನ್ನೇ ನೋಡಿದರು. “ಅವನು ನಿಲ್ಲಿಸಲಿಲ್ಲವಪ್ಪಾ, ಗೊತ್ತಿಲ್ಲವೆನ್ನುವ ವೈದ್ಯನ ಬಳಿಗೆ ನಿನ್ನಂಥವರು ಹೋಗುವುದನ್ನು ನಿಲ್ಲಿಸಿದರು.”